ಮಧ್ಯದ ತುಂಡು

ಸೂಪರ್ ಮಾರ್ಕೆಟ್ಟಿನ ಮಾಂಸದ ಕೌಂಟರಿನ ಎದುರು ನಿಂತವರು ತಮಗೇ ತಿಳಿಯದಂತೆ ದನಿ ತಗ್ಗಿಸುತ್ತಾರೆ. ನೀವು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಗಮನಿಸಿದ್ದೇನೆ. ತರಕಾರಿ ವಿಭಾಗದಲ್ಲಿ ಟೊಮೆಟೊಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾ ಫೋನಿನಲ್ಲಿ ನಾದಿನಿಯ ಮೇಲೆ ದೂರು ಹೇಳುತ್ತಿದ್ದ ಹೆಂಗಸು, ಬಿಳಿ ದೀಪದ ಕೆಳಗೆ ಗಾಜಿನ ಹಿಂದೆ ಸಾಲಾಗಿ ಮಲಗಿದ ಆ ಕೆಂಪು ತುಂಡುಗಳ ಮುಂದೆ ಬಂದೊಡನೆ ಫೋನನ್ನು ಚೀಲಕ್ಕೆ ಹಾಕಿ, ಒಡವೆಯಂಗಡಿಗೆ ಕಾಲಿಟ್ಟವರಂತೆ ಬೆರಳು ಮಾತ್ರ ತೋರಿಸುತ್ತಾಳೆ. ಕೌಂಟರಿನ ಆಚೆ ಇರುವವರೂ ಅಷ್ಟೇ ಗಂಭೀರವಾಗಿ ತುಂಡನ್ನು ಎತ್ತಿ, ಎರಡೂ ಬದಿಯನ್ನು ತೋರಿಸಿ, ಕಣ್ಣಿನಲ್ಲೇ ಒಪ್ಪಿಗೆ ಕೇಳುತ್ತಾರೆ.

ದುಬೈಗೆ ಬಂದು ಎರಡು ವರ್ಷವಾದರೂ ನಾನು ಆ ಕೌಂಟರಿನ ಎದುರು ನಿಂತವಳಲ್ಲ. ಅಲ್ ಕೂಜ್‌ನ ಗೋದಾಮುಗಳ ನಡುವೆ ಇರುವ ಒಂದು ಆಹಾರ ಪರೀಕ್ಷಾಲಯದಲ್ಲಿ ನನಗೆ ಕೆಲಸ. ಮಾಂಸವೆಂಬುದು ಅಲ್ಲಿ ನನ್ನ ಬಳಿಗೆ ಬರುವುದು ನುಣ್ಣಗೆ ಅರೆದ ಐವತ್ತು ಗ್ರಾಮಿನ ಮುದ್ದೆಯಾಗಿ, ಸಂಖ್ಯೆ ಬರೆದ ಪ್ಲಾಸ್ಟಿಕ್ ಚೀಲದಲ್ಲಿ. ಅದರ ತೇವಾಂಶ, ಕೊಬ್ಬು, ಪ್ರೋಟೀನುಗಳನ್ನು ದಶಮಾಂಶದ ಎರಡನೆಯ ಸ್ಥಾನದವರೆಗೆ ಹೇಳಬಲ್ಲೆ. ಅದು ಯಾವ ಪ್ರಾಣಿಯ ಯಾವ ಭಾಗವೆಂದು ಕೇಳಿದರೆ ಚೀಲದ ಮೇಲಿನ ಬರಹವನ್ನು ಓದಬೇಕು. ಇಂಥವಳು ಒಂದು ಗುರುವಾರದ ಸಂಜೆ ಅಲ್ ನಹ್ದಾದ ನಮ್ಮ ಫ್ಲ್ಯಾಟಿನ ಕೆಳಗಿನ ಅಂಗಡಿಯಲ್ಲಿ ದನಿ ತಗ್ಗಿಸಿ ನಿಂತು, ಸ್ಟೇಕ್ ಮಾಡಲು ಎರಡು ತುಂಡು ಬೀಫ್ ಬೇಕು ಎಂದು ಕೇಳಬೇಕಾದರೆ ಅದಕ್ಕೊಂದು ಕಾರಣ ಬೇಕಷ್ಟೆ. ಕಾರಣ ನನ್ನ ತಂದೆ.

ಪಪ್ಪ ಅಬುಧಾಬಿಯ ಸಮುದ್ರತೀರದ ಒಂದು ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದರು. ಮೊದಲ ಮೂರು ವರ್ಷ ಪಾತ್ರೆ ತೊಳೆಯುವಲ್ಲಿ, ಮುಂದಿನದೆಲ್ಲ ಗ್ರಿಲ್ಲಿನಲ್ಲಿ. ಗ್ರಿಲ್ ಎಂದರೆ ಕೆಂಡದ ಮೇಲೆ ಕಬ್ಬಿಣದ ಸರಳುಗಳಿರುವ ಒಲೆ; ಅಲ್ಲಿ ಸ್ಟೇಕ್ ಎಂಬ ದಪ್ಪ ಮಾಂಸದ ತುಂಡನ್ನು ದಿನಕ್ಕೆ ಎಷ್ಟು ಸುಡುತ್ತಿದ್ದರೋ ಅವರೂ ಎಣಿಸಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಮಂಗಳೂರಿಗೆ ಬಂದಾಗ ಮಾತ್ರ ಅವರು ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ನಾನು ನೋಡಿಲ್ಲ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಮೀನಿನ ಸಾರು, ಸಂಜೆ ಚಹಾ, ಎಲ್ಲವೂ ಕುಳಿತಲ್ಲಿಗೇ ಬರುತ್ತಿದ್ದವು. “ನಿನ್ನ ಪಪ್ಪನಿಗೆ ಒಂದು ಲೋಟ ಚಾ ಮಾಡಲಿಕ್ಕೆ ಸಹ ಗೊತ್ತಿಲ್ಲ, ದೊಡ್ಡ ಕುಕ್ಕಂತೆ!” ಎಂದು ಮಮ್ಮಿ ನೆರೆಯವರೆದುರು ಹೇಳಿದರೆ ಪಪ್ಪ ನಕ್ಕು ಪೇಪರಿನ ಪುಟ ಮಗುಚುತ್ತಿದ್ದರು. ಹೋಟೆಲಿನ ಅಡುಗೆಮನೆಗೆ ಮನೆಯವರಿಗೆ ಪ್ರವೇಶವಿಲ್ಲ, ಮನೆಯ ಅಡುಗೆಮನೆಗೆ ಅವರ ಪ್ರವೇಶವಿಲ್ಲ. ಹೀಗಾಗಿ ನನ್ನನ್ನು ಎಂ.ಎಸ್ಸಿ. ತನಕ ಓದಿಸಿದ ಆ ಕೆಲಸ ಹೇಗಿರುತ್ತದೆಂಬುದನ್ನು ನಮ್ಮ ಮನೆಯಲ್ಲಿ ಯಾರೂ ಕಂಡವರಿರಲಿಲ್ಲ.

ನಾನು ದುಬೈಗೆ ಬಂದ ಮೇಲೆ ನಾವಿಬ್ಬರೂ ತಿಂಗಳಿಗೊಮ್ಮೆ, ಶುಕ್ರವಾರ ಭೇಟಿಯಾಗುವುದು ರೂಢಿಯಾಯಿತು. ಇಬ್ಬರೂ ಮಾತು ಕಡಿಮೆಯವರು. ಒಂದು ಬೆಂಚಿನಲ್ಲಿ ಕುಳಿತು, ಎದುರಿನ ಖಾರಿಯಲ್ಲಿ, ಊರೊಳಗೆ ಬಂದ ಆ ಸಮುದ್ರದ ತೋಳಿನಲ್ಲಿ, ದೋಣಿಗಳು ಹೋಗಿಬರುವುದನ್ನು ಒಂದು ಗಂಟೆ ನೋಡಿ, ‘ಚೆನ್ನಾಗಿ ಮಾತಾಡಿದೆವು’ ಎಂಬ ತೃಪ್ತಿಯಿಂದ ಬೀಳ್ಕೊಳ್ಳಬಲ್ಲವರು. ಅಂಥ ಒಂದು ಶುಕ್ರವಾರ ನಾನು ಸುಮ್ಮನೆ ಕೇಳಿದೆ.

“ಪಪ್ಪಾ, ಸ್ಟೇಕಿನ ರುಚಿ ಹೇಗಿರ್ತದೆ?”

“ನನಗೆ ಹೇಗೆ ಗೊತ್ತು?” ಎಂದರು ಪಪ್ಪ, ದೋಣಿಯನ್ನು ನೋಡುತ್ತಾ.

ನಾನು ತಮಾಷೆಯೆಂದುಕೊಂಡೆ. ಆಗ ಅವರು ತಮ್ಮ ಕಸುಬಿನ ಒಂದು ಕಟ್ಟುಪಾಡನ್ನು ವಿವರಿಸಿದರು. ಒಲೆಯ ಮೇಲಿನ ಸ್ಟೇಕ್ ಒಳಗೆ ಎಷ್ಟು ಬೆಂದಿದೆಯೆಂದು ತಿಳಿಯಲು ಕತ್ತರಿಸಿ ನೋಡುವಂತಿಲ್ಲ. ಕತ್ತರಿಸಿದರೆ ರಸವೆಲ್ಲ ಹೋಗುತ್ತದೆ, ಗಾಯವಾದ ತುಂಡನ್ನು ಗಿರಾಕಿಗೆ ಕೊಡುವುದೆಂದರೆ ಮರ್ಯಾದೆ ಹೋದಂತೆ. ಬೆರಳಿನಿಂದ ಒತ್ತಿ ತಿಳಿಯಬೇಕು. ಉಪ್ಪು ನೋಡಬೇಕಾದರೆ ಅಂಚಿನಲ್ಲಿ ಒಪ್ಪ ಮಾಡುವಾಗ ಉಳಿದ ಚೂರು ಉಂಟು. ಇಪ್ಪತ್ತಮೂರು ವರ್ಷದಿಂದ ಅವರು ನಿಂತುಕೊಂಡು, ಎರಡು ಆರ್ಡರುಗಳ ನಡುವೆ ಬಾಯಿಗೆ ಹಾಕಿಕೊಂಡದ್ದು ಆ ಅಂಚುಗಳನ್ನು ಮಾತ್ರ. ಸ್ಟಾಫ್ ಕ್ಯಾಂಟೀನಿನಲ್ಲಿ ಅನ್ನ ಮತ್ತು ದಾಲ್. ರಜೆಯ ದಿನ ಮಾಂಸದ ವಾಸನೆಯೇ ಬೇಡವೆನಿಸುತ್ತಿತ್ತಂತೆ.

“ಅಂಚು ನನ್ನದು. ಮಧ್ಯದ್ದು ಗಿರಾಕಿಯದ್ದು ಬಾಯೆ,” ಎಂದರು, ಮಗಳನ್ನು ಕರೆಯುವ ನಮ್ಮ ಕೊಂಕಣಿಯ ಮಾತಿನಲ್ಲಿ. ಆ ದನಿಯಲ್ಲಿ ಕೊರಗೇನೂ ಇರಲಿಲ್ಲ. ಬಸ್ಸಿನ ಸಮಯ ಹೇಳಿದ ಹಾಗಿತ್ತು.

ಸಂಗೀತಗಾರನೊಬ್ಬ ತಾನು ಹಾಡಿದ್ದನ್ನು ಕೇಳಲಾರದ ಕಿವುಡನಾಗಿದ್ದರೆ ನಾವು ಎಷ್ಟು ಬೆರಗಾಗುತ್ತೇವೆ! ಇಲ್ಲಿ ನನ್ನ ಪಕ್ಕದಲ್ಲೇ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಸಾವಿರಾರು ಜನರ ಬಾಯಿಗೆ ತಾನರಿಯದ ರುಚಿಯನ್ನು ಒದಗಿಸಿದ ಒಬ್ಬರು ಕುಳಿತಿದ್ದರು. ನಾನು ಅವರ ತೋರುಬೆರಳನ್ನು ಕದ್ದು ನೋಡಿದೆ. ಉಗುರಿನ ಪಕ್ಕ ಒಂದು ಹಳೆಯ ಸುಟ್ಟ ಕಲೆ ಬಿಟ್ಟರೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಪಪ್ಪನಿಗೆ ಅರವತ್ತು ತುಂಬಿತು. ವೀಸಾ ರದ್ದಾಗುವುದಿತ್ತು, ಟಿಕೆಟ್ ಬಂದಿತ್ತು. ಅವರು ಹೊರಡುವ ಮೊದಲು ಉಳಿದದ್ದು ಒಂದೇ ಶುಕ್ರವಾರ. ಊರಿಗೆ ಹೋದರೆ ಮತ್ತೆ ಗಂಜಿ, ಮೀನು, ಪೇಪರು. ಮಮ್ಮಿಯ ಅಡುಗೆಮನೆಯಲ್ಲಿ ಸ್ಟೇಕ್ ಎಂಬ ಪದಾರ್ಥಕ್ಕೆ ಜಾಗವಿಲ್ಲ. ಆ ಒಂದು ಸಂಜೆ ಅವರು ಕುರ್ಚಿಯಲ್ಲಿ ಕುಳಿತು, ಬಿಸಿಬಿಸಿಯಾದ ಸ್ಟೇಕನ್ನು ಮಧ್ಯದವರೆಗೆ ತಿನ್ನಬೇಕು, ಅದನ್ನು ನಾನು ಮಾಡಿ ಬಡಿಸಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ಇಷ್ಟನ್ನು ಅವರಿಗೆ ಬಾಯಿಬಿಟ್ಟು ಹೇಳಲು ಮಾತ್ರ ನನ್ನಿಂದಾಗಲಿಲ್ಲ. “ಶುಕ್ರವಾರ ಊಟಕ್ಕೆ ಬನ್ನಿ,” ಎಂದಷ್ಟೇ ಹೇಳಿದೆ.

ಹೀಗೆ ಆ ಕೌಂಟರಿನ ಮುಂದೆ ನಿಂತೆ. ಪೇಶಾವರದ ಕಡೆಯ ಮುದುಕರೊಬ್ಬರು ಒಂದು ದಪ್ಪ ತುಂಡು, ಒಂದು ತೆಳು ತುಂಡು ಕತ್ತರಿಸಿ ಕಾಗದದಲ್ಲಿ ಸುತ್ತುತ್ತಾ, “ಕಿಸ್‌ಕೇ ಲಿಯೇ, ಬೇಟಿ?” ಎಂದರು. ತಂದೆಗೆ ಎಂದೆ. “ನಮಕ್, ಬಸ್. ಔರ್ ಕುಛ್ ನಹೀಂ!” ಎಂದು ಬೆರಳೆತ್ತಿ ಎಚ್ಚರಿಸಿದರು. ಉಪ್ಪು ಸಾಕು, ಬೇರೇನೂ ಬೇಡ. ಇಷ್ಟು ಸ್ಪಷ್ಟವಾದ ಸಲಹೆ ನನಗೆ ಜೀವನದಲ್ಲಿ ಹೆಚ್ಚು ಬಾರಿ ದೊರೆತಿಲ್ಲ. ದೊರೆತದ್ದನ್ನು ನಾನು ಪಾಲಿಸಿದ್ದೂ ಇಲ್ಲ.

ಮನೆಗೆ ಬಂದು ಮಮ್ಮಿಗೆ ಫೋನು ಮಾಡಿದೆ. ಮೊದಲು ಆಕ್ಷೇಪಣೆ ಬಂದದ್ದು ವಾರದ ಬಗ್ಗೆ; ನಮ್ಮ ಕಥೊಲಿಕರ ಮನೆಯಲ್ಲಿ ಶುಕ್ರವಾರ ಮಾಂಸ ತಿನ್ನುವುದಿಲ್ಲ.

“ಶುಕ್ರವಾರ ಮಾಂಸವಾ? ನಿನಗೆ ದೇವರ ಹೆದರಿಕೆ ಉಂಟಾ ಇಲ್ಲವಾ?”

ಇಲ್ಲಿ ಶುಕ್ರವಾರವೇ ರಜೆ, ಭಾನುವಾರದ ಪೂಜೆಗೂ ಜನ ಇಗರ್ಜಿಯಲ್ಲಿ ಸೇರುವುದು ಶುಕ್ರವಾರವೇ, ಆದ್ದರಿಂದ ನಮ್ಮ ಭಾನುವಾರ ಶುಕ್ರವಾರ ಬರುತ್ತದೆ ಎಂದು ವಿವರಿಸಿದೆ. “ನಿಮ್ಮ ಭಾನುವಾರ ಎಲ್ಲಿ ಬೇಕಾದ್ರೂ ಬರ್ಲಿ, ನನ್ನ ಕ್ಯಾಲೆಂಡರಿನಲ್ಲಿ ಅದು ಶುಕ್ರವಾರವೇ,” ಎಂದು ಗೊಣಗಿ, ಬಳಿಕ ಅಡುಗೆಯ ವಿಷಯಕ್ಕೆ ಬಂದಳು. “ಪಪ್ಪಾಯಿ ಹಾಕು. ಹಸಿ ಪಪ್ಪಾಯಿ ಅರೆದು ಸಂಜೆಗೇ ಮೆತ್ತಿ ಇಡು. ಇಲ್ಲದಿದ್ರೆ ಚಪ್ಪಲಿ ಜಗಿದ ಹಾಗೆ ಆಗ್ತದೆ.”

ಇಲ್ಲಿ ನನ್ನ ವಿದ್ಯೆಯ ವಿಷಯ ಹೇಳಿಬಿಡಬೇಕು. ಹಸಿ ಪಪ್ಪಾಯಿಯ ಹಾಲಿನಲ್ಲಿ ಒಂದು ಕಿಣ್ವವಿದೆಯೆಂದೂ, ಅದು ಮಾಂಸದ ಎಳೆಗಳನ್ನು ಕಡಿಯುತ್ತಾ ಹೋಗುತ್ತದೆಯೆಂದೂ, ತಾನಾಗಿ ನಿಲ್ಲುವುದಿಲ್ಲವೆಂದೂ ಪರೀಕ್ಷೆಯಲ್ಲಿ ಬರೆದು ನಾನು ಅಂಕ ಗಳಿಸಿದ್ದೇನೆ. ಮಮ್ಮಿಯ ಪಪ್ಪಾಯಿ, ಮಾರುಕಟ್ಟೆಯಲ್ಲಿ ಎಲುಬಿನ ಸಮೇತ ಸಿಗುವ, ವಯಸ್ಸಾದ ಪ್ರಾಣಿಯ ಗಟ್ಟಿ ಮಾಂಸಕ್ಕೆ ಹೇಳಿ ಮಾಡಿಸಿದ್ದು. ನನ್ನ ಮುಂದಿದ್ದದ್ದು ಎಳೆಯ ಪ್ರಾಣಿಯ ಬೆಣ್ಣೆಯಂಥ ತುಂಡು. ಇದೂ ನನಗೆ ತಿಳಿದಿತ್ತು. ಆದರೆ ತಾಯಿ ಫೋನಿನಲ್ಲಿ ಅಡುಗೆ ಹೇಳುವಾಗ ರಸಾಯನಶಾಸ್ತ್ರ ಎದುರಾಡುವುದಿಲ್ಲ. ನಾನು ಇಂಟರ್ನೆಟ್ಟಿನಲ್ಲಿ ನೋಡಿದ್ದ ಸೋಯಾ ಸಾಸ್, ಬೆಳ್ಳುಳ್ಳಿ, ಕರಿಮೆಣಸು, ಆಲಿವ್ ಎಣ್ಣೆಗಳನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ, ಅದಕ್ಕೆ ಮಮ್ಮಿಯ ಪಪ್ಪಾಯಿಯನ್ನೂ ಸೇರಿಸಿದೆ.

ನನ್ನೊಂದಿಗೆ ಫ್ಲ್ಯಾಟ್ ಹಂಚಿಕೊಂಡಿದ್ದ ಜೊಹರಾ ಉಳ್ಳಾಲದವಳು, ಬ್ಯಾರಿ ಮನೆಮಾತಿನ ಹುಡುಗಿ, ನರ್ಸರಿ ಶಾಲೆಯ ಟೀಚರು. ಬಾಗಿಲಿಗೊರಗಿ ನೋಡುತ್ತಿದ್ದಳು.

“ಇದು ಅಡಿಗೆಯಾ ಮಾರಾಯ್ತಿ, ಪ್ರಾಕ್ಟಿಕಲ್ ಪರೀಕ್ಷೆಯಾ? ಬೆಳ್ಳುಳ್ಳಿಯನ್ನು ಯಾರಾದ್ರೂ ತೂಗ್ತಾರಾ?”

“ತೂಗಿದ್ರೆ ತಪ್ಪಾಗುದಿಲ್ಲ.”

“ಪಪ್ಪಾಯಿ ಎಷ್ಟು ಹೊತ್ತು? ನಮ್ಮ ಉಮ್ಮ ಅರ್ಧ ಗಂಟೆಗೇ ತೆಗೀತಾರೆ.”

“ನಾಳೆ ಸಂಜೆಯವರೆಗೆ,” ಎಂದೆ, ನಿಖರವಾಗಿ.

ಮರುದಿನ ಪೂಜೆ ಮುಗಿಸಿ ಪಪ್ಪ ಸಂಜೆ ಐದಕ್ಕೆ ಬಂದರು. ಕೈಯಲ್ಲಿ ಖರ್ಜೂರದ ಡಬ್ಬಿ, ಬಗಲಲ್ಲಿ ಮಡಿಸಿದ ಪೇಪರು. ಅವರನ್ನು ಹೊರಗಿನ ಕೋಣೆಯಲ್ಲಿ ಕೂರಿಸಿ ನಾನು ಅಡುಗೆಮನೆಗೆ ಹೋಗಿ ಫ್ರಿಜ್ಜಿನಿಂದ ಪಾತ್ರೆ ತೆಗೆದೆ. ತೆಳು ತುಂಡನ್ನು ಎತ್ತಲು ಹೋದರೆ ಅದು ಏಳಲಿಲ್ಲ. ಬೆರಳುಗಳ ನಡುವೆ ನೆನೆದ ಅವಲಕ್ಕಿಯಂತೆ ಜಾರಿ ಹೋಯಿತು. ದಪ್ಪ ತುಂಡಿನ ಮೇಲೂ ಬೂದುಬಣ್ಣದ ಲೋಳೆ. ಒತ್ತಿದಲ್ಲಿ ಬೆರಳು ಇಳಿಯಿತು. ಕಿಣ್ವ ನಿಲ್ಲುವುದಿಲ್ಲವೆಂದು ನಾನು ಬರೆದ ಉತ್ತರ ಸರಿಯಾಗಿತ್ತು.

ನಾನು ಸುಲಭಕ್ಕೆ ಅಳುವವಳಲ್ಲ. ನಲ್ಲಿ ತಿರುಗಿಸಿ ಕೈ ತೊಳೆಯುತ್ತಾ ನಿಂತೆ, ಅಗತ್ಯಕ್ಕಿಂತ ಬಹಳ ಹೊತ್ತು. ಆ ನೀರಿನ ಸದ್ದಿಗೇ ಇರಬೇಕು, ಪಪ್ಪ ಬಾಗಿಲಿಗೆ ಬಂದರು. ಪಾತ್ರೆಯತ್ತ ಬಗ್ಗಿ ಮೂಸಿದರು.

“ಪಪ್ಪಾಯಿ! ಮಮ್ಮಿ ಹೇಳಿದ್ದಾ?”

ನಾನು ತಲೆಯಾಡಿಸಿದೆ.

“ನಿನ್ನ ಮಮ್ಮಿಯ ಪಪ್ಪಾಯಿಗೆ ಒಂದು ಎಮ್ಮೆಯನ್ನೇ ಕರಗಿಸುವ ಶಕ್ತಿ ಉಂಟು. ಇದು ಪಾಪ, ಎಳೆ ಸ್ಟೇಕ್,” ಎಂದು ನಕ್ಕರು. ಮತ್ತೆ ಅಂಗಿಯ ತೋಳನ್ನು ಎರಡೇ ಮಡಿಕೆಯಲ್ಲಿ ಮೊಣಕೈವರೆಗೆ ಏರಿಸಿದರು. “ಕತ್ತಿ ಕೊಡು ಬಾಯೆ.”

ಮುಂದಿನ ಹತ್ತು ನಿಮಿಷಗಳನ್ನು ಹೇಗೆ ಬರೆಯಬೇಕೋ ತಿಳಿಯದು. ನಮ್ಮ ಮೊಂಡು ಚಾಕುವಿನ ಅಲಗನ್ನು ಹೆಬ್ಬೆರಳಿನಿಂದ ಅಡ್ಡಲಾಗಿ ಸವರಿ ನೋಡಿ, ಏನೂ ಹೇಳದೆ ಒಂದು ಪಿಂಗಾಣಿ ಕಪ್ಪನ್ನು ಕವುಚಿ ಹಾಕಿ, ಅದರ ತಳದ ಒರಟು ಅಂಚಿಗೆ ಮಸೆದರು. ಎಂಟೋ ಹತ್ತೋ ಸಲ, ಒಂದೇ ಕೋನದಲ್ಲಿ, ಒಂದೇ ಸದ್ದಿನಲ್ಲಿ. ಬಳಿಕ ಲೋಳೆಯನ್ನು ಚಾಕುವಿನ ಬೆನ್ನಿನಿಂದ ಬಳಿದು ತೆಗೆದರು. ಎಡಗೈ ಮಾಂಸದ ಮೇಲೆ ಇದೆಯೋ ಇಲ್ಲವೋ ಎಂಬಷ್ಟು ಹಗುರವಾಗಿ ಇತ್ತು. ಬಲಗೈಯ ಅಲಗು, ಮಾವಿನಕಾಯಿಯ ಸಿಪ್ಪೆ ತೆಗೆದ ಹಾಗೆ, ಹಾಳಾದ ಪದರವನ್ನು ಮಾತ್ರ ಸುತ್ತಲೂ ಬಿಡಿಸುತ್ತಾ ಹೋಯಿತು. ಎಲ್ಲಿ ಹಾಳು ಮುಗಿದು ಒಳ್ಳೆಯದು ಶುರುವಾಗುತ್ತದೆಂದು ಅವರು ನೋಡುತ್ತಿರಲಿಲ್ಲ. ಕಣ್ಣು ಗೋಡೆಯ ಮೇಲಿತ್ತು. ಕೈಗೆ ತಿಳಿಯುತ್ತಿತ್ತು.

ಚಾ ಮಾಡಲು ಬಾರದವರೆಂದು ನಾವು ನಗೆಯಾಡಿದ್ದ ಮನುಷ್ಯನೊಳಗೆ ಇಂಥ ಒಬ್ಬರು ಇಷ್ಟು ಕಾಲ ಸದ್ದಿಲ್ಲದೆ ಇದ್ದರಲ್ಲ! ಇಗರ್ಜಿಯಲ್ಲಿ ಪಾದ್ರಿಗಳು ರೊಟ್ಟಿಯನ್ನು ಎತ್ತಿ ಹಿಡಿಯುವ ಹೊತ್ತಿನಲ್ಲಿ ಇಡೀ ಸಭೆ ಮೌನವಾಗುತ್ತದೆ. ನಮ್ಮ ಆರಡಿ ಅಗಲದ ಅಡುಗೆಮನೆ ಹಾಗೆ ಆಗಿತ್ತು. ಹಿಂದೆ ನಿಂತಿದ್ದ ಜೊಹರಾಳೂ, ಎಂದೂ ಬಾಯಿ ಮುಚ್ಚದವಳು, ಬಾಯಿ ಮುಚ್ಚಿದ್ದಳು.

ಕೊನೆಗೆ ಹಲಗೆಯ ಮೇಲೆ ಉಳಿದದ್ದು ಅಂಗೈಗಿಂತ ಸ್ವಲ್ಪ ಚಿಕ್ಕದಾದ, ಮಾಣಿಕ್ಯದ ಬಣ್ಣದ ಒಂದು ತುಂಡು. ಒಂದೇ ಒಂದು. ತೆಳು ತುಂಡಿಗೂ ಕೆತ್ತಿ ತೆಗೆದದ್ದಕ್ಕೂ ಈರುಳ್ಳಿ, ಹಸಿಮೆಣಸು ಸೇರಿಸಿ ಕೊಚ್ಚಿ, “ಇದು ಕಟ್ಲೆಟ್,” ಎಂದು ಬದಿಗಿಟ್ಟರು. ಮತ್ತೆ ಆ ಒಂದು ತುಂಡಿನ ತೇವ ಒರೆಸಿ, ಉಪ್ಪು ಉದುರಿಸಿ, ಕಾವಲಿಗೆ ಕೈ ಚಾಚಿದರು.

“ಬೇಡ ಪಪ್ಪಾ,” ಎಂದೆ. ನನ್ನ ದನಿ ನನಗೇ ಜೋರೆನಿಸಿತು. “ಇದನ್ನು ನಾನೇ ಮಾಡ್ಬೇಕು. ನೀವು ಹೊರಗೆ ಕೂತ್ಕೊಳ್ಳಿ.”

ಅವರು ನನ್ನ ಮುಖ ನೋಡಿದರು. ಏನು ಕಂಡಿತೋ, ತೋಳು ಇಳಿಸಿಕೊಂಡು ಹೋಗಿ ಹೊರಗಿನ ಕೋಣೆಯ ಮೇಜಿನ ಬಳಿ, ಅಡುಗೆಮನೆಗೆ ಬೆನ್ನು ಹಾಕಿ ಕುಳಿತರು. ನಾನು ಕಾವಲಿ ಇಟ್ಟು ಎಣ್ಣೆ ಹಾಕಿ ತುಂಡನ್ನು ಎತ್ತಿಕೊಂಡೆ.

“ಇನ್ನೂ ಬಿಸಿ ಆಗ್ಲಿಲ್ಲ,” ಎಂದು ಹೊರಗಿನಿಂದ ಬಂತು.

ಕಾದೆ. ಎಣ್ಣೆಯಿಂದ ಸಣ್ಣಗೆ ಹೊಗೆ ಎದ್ದಾಗ ಹಾಕಿದೆ. ಮಳೆ ತಗಡಿನ ಮೇಲೆ ಬಿದ್ದಂತೆ ಸದ್ದೆದ್ದಿತು. ನಾನು ಕೈಗಡಿಯಾರ ನೋಡುತ್ತಿದ್ದೆ. ಇಂಟರ್ನೆಟ್ಟು ಮೂರು ನಿಮಿಷವೆಂದಿತ್ತು. ಎರಡಕ್ಕೇ, ಬೆನ್ನು ತಿರುಗಿಸದೆ, “ಈಗ ಮಗುಚು,” ಎಂದರು. ಮಗುಚಿದೆ. ಅಡಿಭಾಗ ಕಡು ಕಂದು, ಒಂದೇ ಸಮ, ಎಲ್ಲೂ ಕರಕಲಾಗಿಲ್ಲ.

“ಅಂಕಲ್, ನಿಮ್ಮ ಕಿವಿಯಲ್ಲಿ ಕಣ್ಣುಂಟಾ?” ಎಂದು ಜೊಹರಾ ಕೇಳುವುದು ಕೇಳಿಸಿತು.

“ನೀರು ಹೋಗುವಾಗ ಒಂದು ಸ್ವರ, ಕೊಬ್ಬು ಕರಗುವಾಗ ಇನ್ನೊಂದು. ಎರಡನೇದು ನಿಧಾನ. ಅಲ್ಲಿ ಎಕ್ಸಾಸ್ಟಿನ ಗಲಾಟೆ, ಆರ್ಡರಿನ ಗಲಾಟೆ. ಇಲ್ಲಿ ಏನು, ಇಗರ್ಜಿಯ ಹಾಗೆ ಉಂಟು. ಬಾಯೆ, ಆ ಥರ್ಮಾಮೀಟರ್ ಕೆಳಗೆ ಇಡು.”

ಮಾಂಸಕ್ಕೆ ಚುಚ್ಚಿ ಬಿಸಿ ನೋಡುವ ಥರ್ಮಾಮೀಟರನ್ನು ನಾನು ಕೈಗೆತ್ತಿಕೊಂಡದ್ದು ಅವರಿಗೆ ಹೇಗೆ ತಿಳಿಯಿತೋ ಈಗಲೂ ಅರ್ಥವಾಗಿಲ್ಲ. ಡ್ರಾಯರಿನ ಸದ್ದಿರಬೇಕು. “ಚುಚ್ಚಬಾರ್ದು. ಬೆರಳಿನಿಂದ ಒತ್ತು. ಎಡಗೈಯ ಹೆಬ್ಬೆರಳನ್ನು ನಡುಬೆರಳಿಗೆ ಮುಟ್ಟಿಸಿ, ಹೆಬ್ಬೆರಳಿನ ಬುಡ ಮುಟ್ಟಿ ನೋಡು. ಅಷ್ಟೇ ಮೆತ್ತಗಿದ್ರೆ ಆಯ್ತು.”

“ಆಯ್ತೋ ಇಲ್ವೋ ನೀವೇ ಬಂದು ನೋಡಿ ಪಪ್ಪಾ.”

“ನಾನು ಯಾಕೆ? ಮಾಡುವವಳು ನೀನು.”

ನನ್ನದು ಅಳತೆಯನ್ನು ನಂಬುವ ಬುದ್ಧಿ. ಎರಡು ಸಲ ತೂಗಿದ್ದನ್ನು ಮೂರನೆಯ ಸಲ ತೂಗುವವಳು ನಾನು. ಅಂಥವಳು ಒಂದು ಬೆರಳನ್ನು ಬಿಸಿ ಮಾಂಸದ ಮೇಲೂ ಇನ್ನೊಂದನ್ನು ನನ್ನದೇ ಅಂಗೈಯ ಮೇಲೂ ಇಟ್ಟು, ಇದು ಅದರಂತಿದೆಯೆಂದು ನಿರ್ಧರಿಸಬೇಕಿತ್ತು. ತಪ್ಪಿದರೆ ಇನ್ನೊಂದು ತುಂಡಿಲ್ಲ. ಇನ್ನೊಂದು ಶುಕ್ರವಾರವೂ ಇಲ್ಲ. ಒತ್ತಿದೆ. ಮಾಂಸ ಸ್ವಲ್ಪ ಇಳಿದು ಬೆರಳನ್ನು ಮೆಲ್ಲನೆ ಹಿಂದಕ್ಕೆ ಕಳಿಸಿತು. ಅಂಗೈ ಒತ್ತಿದೆ. ಅಂಗೈಯೂ ಹಾಗೆಯೇ ಕಳಿಸಿತು. ಒಲೆ ಆರಿಸಿದೆ.

“ಐದು ನಿಮಿಷ ಮುಟ್ಟಬೇಡ. ಅದಕ್ಕೂ ಸುಸ್ತಾಗಿರ್ತದೆ,” ಎಂದರು ಪಪ್ಪ.

ಆ ಐದು ನಿಮಿಷದಲ್ಲಿ ಕಟ್ಲೆಟ್ ಬೆಂದವು. ಜೊಹರಾ ಮೇಜಿನ ಮೇಲೆ ಒಂದೇ ಜೊತೆಯಿದ್ದ ಫೋರ್ಕು ಮತ್ತು ಚಾಕುವನ್ನು ಪಪ್ಪನ ಬಳಿ ಇಟ್ಟಳು. ನಾನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿದ ತಟ್ಟೆಯಲ್ಲಿ ಸ್ಟೇಕನ್ನು ಇಟ್ಟು ಒಯ್ದು ಅವರ ಮುಂದಿಟ್ಟೆ. ಕಟ್ಲೆಟ್ಟುಗಳನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡೆವು.

ಪಪ್ಪ ಕುರ್ಚಿಯಲ್ಲಿ ನೇರವಾಗಿ ಕುಳಿತರು. ಚಾಕುವನ್ನು ತುಂಬ ಚೆನ್ನಾಗಿ ಹಿಡಿದರು, ಎಷ್ಟೋ ವರ್ಷ ಬೇರೆಯವರು ಹಿಡಿಯುವುದನ್ನು ಬಾಗಿಲ ಸಂದಿಯಿಂದ ಕಂಡವರ ಹಾಗೆ. ಅಂಚಿನಿಂದ ಉಗುರಿನಗಲದ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡರು.

“ಉಪ್ಪು ಸರಿ ಉಂಟು,” ಎಂದರು. ಮತ್ತೆ ಚಾಕು ಕೆಳಗಿಟ್ಟು ತಟ್ಟೆಯನ್ನು ನನ್ನತ್ತ ಸರಿಸಿದರು. “ತಗೊಳ್ಳಿ, ನೀವಿಬ್ಬರು ಹಂಚಿಕೊಳ್ಳಿ. ಮಧ್ಯದ್ದು ಒಳ್ಳೆದಿರ್ತದೆ.”

ಕೈ ತಾನಾಗಿ ಮಾಡಿದ ಕೆಲಸ ಅದು. ಅವರಿಗೆ ತಾವು ಏನು ಮಾಡಿದೆವೆಂಬುದೂ ಗೊತ್ತಿರಲಿಲ್ಲ. ನಾನು ಜೊಹರಾಳನ್ನು ನೋಡಿದೆ. ಅವಳು ಕಟ್ಲೆಟ್ ತುಂಬಿದ ಬಾಯಲ್ಲೇ, “ನನಗೆ ಬೇಡ ಅಂಕಲ್. ಅರಬಿಗಳ ಮನೆಯಲ್ಲಿ ಸಹ ಇಂಥ ಕಟ್ಲೆಟ್ ಇಲ್ಲ,” ಎಂದು ಇನ್ನೊಂದನ್ನು ಎತ್ತಿಕೊಂಡಳು. ಉಳಿದವಳು ನಾನು. ಒಂದು ವಾರದಿಂದ ಹೇಳಲಾಗದಿದ್ದ ಮಾತನ್ನು ಈಗ ಹೇಳದಿದ್ದರೆ ಈ ಅಡುಗೆ, ಈ ಶುಕ್ರವಾರ, ಎಲ್ಲ ಸುಮ್ಮನೆ.

“ಪಪ್ಪಾ,” ಎಂದೆ. ತಟ್ಟೆಯನ್ನು ಮರಳಿ ಅವರ ಮುಂದಕ್ಕೆ ಸರಿಸಿದೆ. “ಇದು ನಿಮಗೆ ಮಾಡಿದ್ದು. ಇವತ್ತು ನೀವು ಗಿರಾಕಿ. ಮಧ್ಯದ್ದು ನಿಮ್ಮದು.”

ಅವರು ತಟ್ಟೆಯನ್ನೂ ನನ್ನನ್ನೂ ನೋಡಿದರು. ಕೊನೆಗೆ ಚಾಕು ಎತ್ತಿ, ಸ್ಟೇಕಿನ ನಟ್ಟನಡುವೆ ಇಟ್ಟರು. ಅಲಗು ಒಂದು ಕ್ಷಣ ಅಲ್ಲೇ ನಿಂತಿತು. ಇಪ್ಪತ್ತಮೂರು ವರ್ಷ ಗಾಯವಾಗದಂತೆ ಕಾದವರಿಗೆ ಕತ್ತರಿಸುವುದು ಸುಲಭವಿರಲಿಲ್ಲವೇನೋ. ಬಳಿಕ ಒಂದೇ ಎಳೆತಕ್ಕೆ ಅದು ಎರಡಾಯಿತು. ಒಳಗೆಲ್ಲ ಒಂದೇ ಹದದ ಗುಲಾಬಿ, ಹೊರಕ್ಕೆ ಬರುತ್ತಾ ತೆಳುವಾಗಿ ಕಂದು. ಪಪ್ಪ ಬಗ್ಗಿ ಆ ಬಣ್ಣವನ್ನು ನೋಡಿದರು, ಪರೀಕ್ಷೆ ಮಾಡುವ ಹಾಗಲ್ಲ, ಸುಮ್ಮನೆ. ಒಂದು ತುಂಡು ಬಾಯಿಗೆ ಹಾಕಿಕೊಂಡರು. ಜಗಿಯುವುದನ್ನು ನಡುವೆ ನಿಲ್ಲಿಸಿ, ಮತ್ತೆ ಮುಂದುವರಿಸಿದರು. ನುಂಗಿದ ಮೇಲೆಯೂ ಎದುರಿನ ಗೋಡೆಯನ್ನೇ ನೋಡುತ್ತಿದ್ದರು.

“ಬಾಯೆ,” ಎಂದರು ಮೆಲ್ಲಗೆ, “ನಾನು ಅವರಿಗೆಲ್ಲ ಕೊಡ್ತಾ ಇದ್ದದ್ದು ಇದನ್ನಾ?”

ಅವರ ಮುಖದಲ್ಲಿ ಸಂತೋಷವಿತ್ತೋ ಇನ್ನೇನಿತ್ತೋ, ಅಳೆದು ಹೇಳುವ ವಿದ್ಯೆ ನನ್ನದಲ್ಲ. ತಟ್ಟೆಯನ್ನು ಅವರು ಮತ್ತೆ ಸರಿಸಲಿಲ್ಲ. ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಇನ್ನೊಂದು ತುಂಡು ಕತ್ತರಿಸಿಕೊಂಡರು. ಅದೂ ಮಧ್ಯದ್ದೇ.